ಗೇಮ್ ಸರ್ವರ್ ತಡವರಿಸಿದಾಗ: ಸಿಪಿಯು ಲೆಕ್ಕ ಹಿಡಿಯುವ ಕ್ರಮ

ಹಿಂಜವಡಿ, ಖರಾಡಿ ಕಡೆಯ ಕಂಪನಿಗಳಲ್ಲಿ ಕೆಲಸ ಹಿಡಿದು ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಬಾಡಿಗೆ ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದು ಮೂಲೆಯಲ್ಲಿ ಹಗಲಿರುಳು ಗುಂಯ್‌ಗುಡುತ್ತಿದ್ದರೆ, ಅದು ಆಟದ ಸರ್ವರ್ ಆಗಿರುವ ಸಾಧ್ಯತೆಯೇ ಹೆಚ್ಚು. ಧಾರವಾಡದ ತಮ್ಮ, ಮಂಗಳೂರಿನ ಹಳೆಯ ಸಹಪಾಠಿ, ಸೊಲ್ಲಾಪುರದ ಗೆಳೆಯ ಎಲ್ಲರೂ ಶನಿವಾರ ರಾತ್ರಿ ಊಟ ಮುಗಿಸಿ ಸೇರುವ ಜಗಲಿ ಅದು. ಕೋಥ್‌ರೂಡ್‌ನ ನಮ್ಮ ಮನೆಯಲ್ಲೂ ಅಂಥದ್ದೊಂದಿದೆ. ಅದನ್ನು ನೋಡಿಕೊಳ್ಳುವವರಿಗೆ ಬರುವ ದೂರು ಒಂದೇ: ಲ್ಯಾಗ್ ಆಗುತ್ತಿದೆ, ಅಂದರೆ ಆಟ ತಡವರಿಸುತ್ತಿದೆ. ಸಿಗುವ ಸಲಹೆಯೂ ಒಂದೇ: ಇನ್ನೂ ಹೆಚ್ಚು ಕೋರ್ ಇರುವ ಮಷಿನ್ ತೆಗೆದುಕೋ. ದೂರು ನಿಜವಿರುತ್ತದೆ, ಸಲಹೆ ಹೆಚ್ಚಿನ ಸಲ ದಂಡ.

ಸಿಪಿಯು ಶೇಕಡಾ ಎಷ್ಟು ಬಳಕೆಯಾಗುತ್ತಿದೆ ಎಂಬುದು ಇಲ್ಲಿ ಮುಖ್ಯ ಪ್ರಶ್ನೆಯೇ ಅಲ್ಲ. ಆಟದ ಒಂದು ಸುತ್ತಿನ ಕೆಲಸ ಅದಕ್ಕಿರುವ ಗಡುವಿನೊಳಗೆ ಮುಗಿಯುತ್ತಿದೆಯೇ ಎಂಬುದು ಪ್ರಶ್ನೆ. ಕೆಳಗಿನ ಹೆಜ್ಜೆಗಳೆಲ್ಲ ಆ ಗಡುವನ್ನು ಉಳಿಸಿಕೊಳ್ಳುವುದಕ್ಕಾಗಿ. ಉದಾಹರಣೆಗಳು ಬಹುಪಾಲು, ಕಲ್ಲುಮಣ್ಣಿನ ಬ್ಲಾಕ್‌ಗಳಿಂದ ಲೋಕ ಕಟ್ಟುವ ಆಟವಾದ ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯವು, ಏಕೆಂದರೆ ಮನೆಯಲ್ಲಿ ಸರ್ವರ್ ನಡೆಸುವವರ ಬಳಿ ಹೆಚ್ಚಾಗಿ ಕಾಣುವುದು ಅದೇ. ಬೇರೆ ಆಟಗಳ ನಡವಳಿಕೆ ಬೇರೆಯಾಗಿರುವಲ್ಲಿ ಅದನ್ನೂ ಹೇಳಿದ್ದೇನೆ.

ಮೊದಲ ಹೆಜ್ಜೆ: ಒಟ್ಟು ಶೇಕಡಾವನ್ನು ನಂಬಬೇಡಿ

ನಾಲ್ಕು ಕೋರ್, ಎಂಟು ಥ್ರೆಡ್‌ಗಳ ಮಷಿನ್ ನಿಮ್ಮದು ಎಂದುಕೊಳ್ಳಿ. ಕೋರ್ ಎಂದರೆ ಸಿಪಿಯುವಿನೊಳಗೆ ದುಡಿಯುವ ಘಟಕ, ಥ್ರೆಡ್ ಎಂದರೆ ಕೆಲಸದ ಒಂದು ಎಳೆ; ಈ ಮಷಿನ್‌ನ ಒಂದೊಂದು ಕೋರ್‌ನಲ್ಲೂ ಎರಡು ಎಳೆಗಳಿಗೆ ಜಾಗವಿದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ ಸರ್ವರ್ ಪ್ರೋಗ್ರಾಂ ಶೇಕಡಾ 13ರ ಆಸುಪಾಸಿನಲ್ಲಿದೆ. ನೋಡಿದವರಿಗೆ ಮಷಿನ್ ಆರಾಮಾಗಿ ಕುಳಿತಂತೆ ಕಾಣುತ್ತದೆ. ಆದರೆ ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಅಂದರೆ ಆಟದ ಮುಖ್ಯ ಥ್ರೆಡ್ ತನ್ನ ಪಾಲಿನ ಜಾಗವನ್ನು ಪೂರ್ತಿ ತಿಂದು, ಉಸಿರು ಕಟ್ಟಿ ನಿಂತಿರಬಹುದು. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಲಿನಕ್ಸ್‌ನ ‘ಟಾಪ್’ ಆಜ್ಞೆ ಇದೇ ಪ್ರೋಗ್ರಾಂಗೆ ಶೇಕಡಾ 100 ಎಂದು ತೋರಿಸುತ್ತದೆ, ಏಕೆಂದರೆ ಅಲ್ಲಿ ಲೆಕ್ಕ ಒಂದು ಥ್ರೆಡ್‌ನ ಜಾಗಕ್ಕೆ ನೂರು. ಒಂದೇ ಸಂಗತಿ, ಎರಡು ಸಂಖ್ಯೆ.

ಬಹಳಷ್ಟು ಆಟಗಳ ಸರ್ವರ್‌ನಲ್ಲಿ ಲೋಕದ ಆಗುಹೋಗುಗಳನ್ನೆಲ್ಲ ಒಂದೇ ಥ್ರೆಡ್ ನಡೆಸುತ್ತದೆ. ಯಾವ ಪ್ರಾಣಿ ಎಲ್ಲಿಗೆ ನಡೆಯಿತು, ಯಾರ ಬಾಣ ಯಾರಿಗೆ ತಗುಲಿತು, ಯಾವ ಬೆಳೆ ಬೆಳೆಯಿತು ಎಂಬುದೆಲ್ಲ ಒಂದರ ಹಿಂದೆ ಒಂದರಂತೆ ನಡೆಯಬೇಕು. ಪಂಕ್ತಿಯಲ್ಲಿ ಬಡಿಸುವವರು ಎಷ್ಟೇ ಜನರಿರಲಿ, ಸಾರು ಬಡಿಸುವವನು ಒಬ್ಬನೇ ಆದರೆ ಎಲ್ಲರೂ ಅವನಿಗಾಗಿ ಕಾಯಲೇಬೇಕಲ್ಲ, ಹಾಗೆ. ಹೊಸ ಲೋಕದ ತುಂಡುಗಳನ್ನು ಹುಟ್ಟಿಸುವುದು, ಜಾಲದ ಕೆಲಸ, ಜಾವಾದ ಕಸ ಗುಡಿಸುವುದು (ಬಳಸಿ ಮುಗಿದ ಮೆಮೊರಿಯನ್ನು ತೆರವು ಮಾಡುವುದು) ಇವನ್ನು ಬೇರೆ ಥ್ರೆಡ್‌ಗಳು ಹಂಚಿಕೊಳ್ಳುತ್ತವೆ. ಆಟದ ಮೂಲ ಸುತ್ತನ್ನು ಹಂಚಿಕೊಳ್ಳುವುದಿಲ್ಲ.

ಆದ್ದರಿಂದ ಥ್ರೆಡ್‌ಗಳನ್ನೇ ಬಿಡಿಸಿ ನೋಡಿ. ಲಿನಕ್ಸ್‌ನಲ್ಲಿ ‘ಟಾಪ್’ ತೆರೆದು ದೊಡ್ಡಕ್ಷರದ ಎಚ್ ಒತ್ತಿದರೆ ಪ್ರತಿ ಥ್ರೆಡ್ ಬೇರೆಯಾಗಿ ಕಾಣುತ್ತದೆ. ಮೈನ್‌ಕ್ರಾಫ್ಟ್‌ನಲ್ಲಿ ‘ಸರ್ವರ್ ಥ್ರೆಡ್’ ಎಂಬ ಹೆಸರಿನ ಸಾಲನ್ನು ಹುಡುಕಿ; ನಿಮ್ಮ ಆಟದ ಜೀವ ಇರುವುದು ಆ ಸಾಲಿನಲ್ಲಿ. ಅಂಕಿ 1 ಒತ್ತಿದರೆ ಆ ಎಂಟು ಜಾಗಗಳ ಬಳಕೆ ಬೇರೆ ಬೇರೆಯಾಗಿ ಕಾಣುತ್ತದೆ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಕಾರ್ಯಾಚರಣ ವ್ಯವಸ್ಥೆ ಒಂದೇ ಥ್ರೆಡ್ಡನ್ನು ಕೋರ್‌ನಿಂದ ಕೋರ್‌ಗೆ ಓಡಾಡಿಸುತ್ತಿರುತ್ತದೆ. ಹಾಗಾಗಿ ಎಂಟು ಜಾಗಗಳೂ ಶೇಕಡಾ 13ರ ಆಸುಪಾಸಿನಲ್ಲಿ ಸಮಾಧಾನವಾಗಿರುವಂತೆ ಕಂಡರೂ, ಒಳಗೆ ಒಂದೇ ಥ್ರೆಡ್ ಬೆಂದುಹೋಗುತ್ತಿರಬಹುದು.

ಎರಡನೆಯ ಹೆಜ್ಜೆ: ಗಡುವು ಎಷ್ಟು, ಮುಗಿಯುತ್ತಿರುವುದು ಎಷ್ಟರಲ್ಲಿ

ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಸುತ್ತು ಓಡುತ್ತದೆ. ಒಂದು ಸುತ್ತಿಗೆ ಟಿಕ್ ಎನ್ನುತ್ತಾರೆ. ಒಂದು ಟಿಕ್‌ನ ಗಡುವು 50 ಮಿಲಿಸೆಕೆಂಡ್. ಕೆಲಸ 30 ಮಿಲಿಸೆಕೆಂಡಿನಲ್ಲಿ ಮುಗಿದರೆ ಉಳಿದ 20 ಮಿಲಿಸೆಕೆಂಡ್ ಸರ್ವರ್ ಸುಮ್ಮನಿರುತ್ತದೆ. 60 ತೆಗೆದುಕೊಂಡರೆ ಮುಂದಿನ ಟಿಕ್ ತಡವಾಗುತ್ತದೆ, ಲೋಕವೇ ನಿಧಾನವಾಗುತ್ತದೆ. ಫ್ಯಾಕ್ಟೋರಿಯೋ ಎಂಬ ಆಟ ಸೆಕೆಂಡಿಗೆ 60 ಸುತ್ತು ಓಡುವುದರಿಂದ ಅಲ್ಲಿ ಗಡುವು 17 ಮಿಲಿಸೆಕೆಂಡಿಗೂ ಕಡಿಮೆ. 2023ರಲ್ಲಿ ಬಂದ ಕೌಂಟರ್ ಸ್ಟ್ರೈಕ್ 2ರಲ್ಲಿ 64 ಟಿಕ್, ಅಂದರೆ ಸುಮಾರು 15.6 ಮಿಲಿಸೆಕೆಂಡ್. ಗುಂಡು ಹಾರಿಸುವ ಆಟಗಳ ಸರ್ವರ್‌ಗೆ ಸಣ್ಣ ಎಡವಟ್ಟೂ ಸಹನೆಯಾಗದಿರುವುದು ಇದರಿಂದಲೇ.

ಅಳೆಯುವುದು ಸುಲಭ. ಮೈನ್‌ಕ್ರಾಫ್ಟ್ 1.20.3 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ‘ಟಿಕ್ ಕ್ವೆರಿ’ ಎಂಬ ಆಜ್ಞೆ ಇದೆ. ಸರಾಸರಿ ಸಮಯದ ಜೊತೆಗೆ ಅತಿ ನಿಧಾನದ ಟಿಕ್‌ಗಳ ಲೆಕ್ಕವನ್ನೂ ಅದು ಕೊಡುತ್ತದೆ. ಮೈನ್‌ಕ್ರಾಫ್ಟ್‌ಗೆಂದೇ ಬೇರೆಯವರು ತಿದ್ದಿ ಮಾಡಿದ ಪೇಪರ್ ಎಂಬ ಸರ್ವರ್ ಪ್ರೋಗ್ರಾಂ ಬಳಸುವವರಿಗೆ ‘ಎಂಎಸ್‌ಪಿಟಿ’ (ಒಂದು ಟಿಕ್‌ಗೆ ಎಷ್ಟು ಮಿಲಿಸೆಕೆಂಡ್) ಎಂಬ ಆಜ್ಞೆ ಇದೆ. ಕಳೆದ ಐದು ಸೆಕೆಂಡ್, ಹತ್ತು ಸೆಕೆಂಡ್, ಒಂದು ನಿಮಿಷದ ಸರಾಸರಿ, ಕನಿಷ್ಠ, ಗರಿಷ್ಠ ಮೂರೂ ಸಿಗುತ್ತವೆ. ನಾನು ನೋಡುವುದು ಗರಿಷ್ಠವನ್ನು. ಸರಾಸರಿ 22 ಇದ್ದು ಗರಿಷ್ಠ 400 ಇದ್ದರೆ, ಆಟಗಾರನ ಅನುಭವಕ್ಕೆ ಬರುವುದು ಆ 400.

ಲಾಗ್ ಕಡತದಲ್ಲಿ ಸರ್ವರ್ ‘ನಿಭಾಯಿಸಲಾಗುತ್ತಿಲ್ಲ, ಇಷ್ಟು ಟಿಕ್ ಹಿಂದೆ ಬಿದ್ದಿದ್ದೇನೆ’ ಎಂಬರ್ಥದ ಎಚ್ಚರಿಕೆ ಬರೆಯುವುದು ಸುಮಾರು ಎರಡು ಸೆಕೆಂಡ್ ಹಿಂದೆ ಬಿದ್ದ ಮೇಲೆಯೇ. ಆ ಸಾಲು ಕಾಣಿಸಿಕೊಳ್ಳುವ ಹೊತ್ತಿಗೆ ಆಟಗಾರರು ಆಗಲೇ ನಿಮಗೆ ಶಾಪ ಹಾಕಿರುತ್ತಾರೆ.

ದೂರು ಬಂದಾಗ ಅದು ಸಿಪಿಯುವಿನದೇ ಎಂದು ಖಚಿತಪಡಿಸಿಕೊಳ್ಳಿ. ಧಾರವಾಡದಿಂದ ಚಿಕ್ಕಪ್ಪನ ಮಗ ಫೋನ್ ಮಾಡುತ್ತಾನೆ: “ಅಣ್ಣಾ, ನಾನು ಒಡೆದ ಕಲ್ಲು ಮತ್ತೆ ಬಂದು ಅಲ್ಲೇ ಕೂರುತ್ತಿದೆ.”

“ನಿನಗೊಬ್ಬನಿಗೋ, ಎಲ್ಲರಿಗೂನೋ?”

“ಎಲ್ಲರಿಗೂ. ಆಕಳುಗಳು ಸಹ ನಿಂತಲ್ಲೇ ನಿಂತಿವೆ.”

ಈ ಎರಡನೆಯ ಮಾತೇ ರೋಗದ ಗುರುತು. ಒಬ್ಬನಿಗೆ ಮಾತ್ರ ತೊಂದರೆಯಾದರೆ ಅವನ ಇಂಟರ್ನೆಟ್ ನೋಡಬೇಕು. ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಲೋಕ ಹೆಪ್ಪುಗಟ್ಟಿದರೆ ಸರ್ವರ್‌ನ ಟಿಕ್ ತಡವಾಗಿದೆ ಎಂದರ್ಥ. ಇಲ್ಲವೇ ನಿಮ್ಮ ಮನೆಯ ಇಂಟರ್ನೆಟ್ಟೇ ಹೋಗಿರಬೇಕು. ಅದನ್ನು ಪರೀಕ್ಷಿಸಲು ಒಂದು ನಿಮಿಷ ಸಾಕು.

ವಾಲ್‌ಹೈಮ್ ಎಂಬ ಆಟ ಈ ನಿಯಮಕ್ಕೆ ಹೊರತು. ಅಲ್ಲಿ ಒಂದು ಪ್ರದೇಶದ ರಾಕ್ಷಸರನ್ನೂ ವಸ್ತುಗಳನ್ನೂ ನಡೆಸುವ ಹೊಣೆ ಆ ಪ್ರದೇಶದಲ್ಲಿರುವ ಆಟಗಾರರಲ್ಲಿ ಒಬ್ಬರ ಕಂಪ್ಯೂಟರ್‌ಗೆ ಬೀಳುತ್ತದೆ. ಸರ್ವರ್‌ನ ಸಿಪಿಯು ತಣ್ಣಗಿದ್ದರೂ ಹೋರಾಟ ತಡವರಿಸುತ್ತದೆ. ಆಗ ನಿಮ್ಮ ಮಷಿನ್ ಬಿಚ್ಚಿ ಫಲವಿಲ್ಲ. ಆ ಜಾಗಕ್ಕೆ ಮೊದಲು ಕಾಲಿಟ್ಟವನ ಲ್ಯಾಪ್‌ಟಾಪ್ ಹೇಗಿದೆ ಎಂದು ವಿಚಾರಿಸಿ.

ಮೂರನೆಯ ಹೆಜ್ಜೆ: ಕಳ್ಳ ಯಾರು

‘ಟಾಪ್’ನ ಮೇಲಿನ ಸಾಲಿನಲ್ಲಿ ಎರಡು ಪುಟ್ಟ ಸಂಖ್ಯೆಗಳಿವೆ, ಯಾರೂ ಅವನ್ನು ಲಕ್ಷಿಸುವುದಿಲ್ಲ. ‘ಡಬ್ಲ್ಯುಎ’ ಎಂಬುದು ಡಿಸ್ಕ್‌ಗಾಗಿ ಕಾಯುತ್ತಿರುವ ಹೊತ್ತು. ಇದು ಏರಿದ್ದರೆ ಲೋಕವನ್ನು ಹಳೆಯ ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಸಾಗಿಸುವುದೇ ಮದ್ದು. ಸಿಪಿಯುವಿಗೆ ಸುಮ್ಮನೆ ಕೆಟ್ಟ ಹೆಸರು. ‘ಎಸ್‌ಟಿ’ ಎಂಬುದು ಬಾಡಿಗೆ ಸರ್ವರ್‌ಗಳಲ್ಲಿ ಕಾಣುವ ಸಂಖ್ಯೆ: ನಿಮ್ಮ ಕೆಲಸ ಸಿದ್ಧವಿದ್ದರೂ ಭೌತಿಕ ಸಿಪಿಯು ಬೇರೆಯವರ ಕೈಯಲ್ಲಿದ್ದ ಸಮಯ ಅದು. ಅದು ಪದೇ ಪದೇ ಏರುತ್ತಿದ್ದರೆ ನಿಮ್ಮ ಸೆಟ್ಟಿಂಗ್ ಎಷ್ಟು ತಿದ್ದಿದರೂ ಉಪಯೋಗವಿಲ್ಲ, ಜಾಗ ಬದಲಿಸಬೇಕು.

ಬಾಡಿಗೆಯ ಮಾತು ಬಂದದ್ದರಿಂದ ಸ್ವಲ್ಪ ನಿಲ್ಲೋಣ. ನಮ್ಮ ಸುತ್ತಮುತ್ತಲೇ ದೊಡ್ಡ ಕ್ಲೌಡ್ ಕೇಂದ್ರಗಳಿವೆ: ಮೈಕ್ರೋಸಾಫ್ಟ್ ಅಜೂರ್‌ನ ‘ಸೆಂಟ್ರಲ್ ಇಂಡಿಯಾ’ ಎಂದರೆ ಪುಣೆಯೇ, ಅಮೆಜಾನ್‌ನ ಮುಂಬಯಿ ವಲಯ 2016ರಿಂದ ನಡೆಯುತ್ತಿದೆ. ಅಮೆಜಾನ್‌ನಲ್ಲಿ ಕಡಿಮೆ ದರಕ್ಕೆ ಸಿಗುವ ಟಿ3 ಮಾದರಿಯ ಮಷಿನ್‌ಗಳು ಕ್ರೆಡಿಟ್ ಲೆಕ್ಕದಲ್ಲಿ ಓಡುತ್ತವೆ. ಒಂದು ಕ್ರೆಡಿಟ್ ಎಂದರೆ ಒಂದು ವರ್ಚುವಲ್ ಸಿಪಿಯು ಒಂದು ನಿಮಿಷ ಪೂರ್ತಿ ದುಡಿಯುವ ಹಕ್ಕು. ಟಿ3 ಮೀಡಿಯಂ ಗಂಟೆಗೆ 24 ಕ್ರೆಡಿಟ್ ಗಳಿಸುತ್ತದೆ, ಗರಿಷ್ಠ 576 ಕೂಡಿಡಬಹುದು. ಅದರ ಎರಡೂ ವರ್ಚುವಲ್ ಸಿಪಿಯುಗಳು ಪೂರ್ತಿ ದುಡಿದರೆ ಗಂಟೆಗೆ 120 ಖರ್ಚು. ಗಳಿಕೆ ಕಳೆದರೆ 96. ಗಂಟು ಪೂರ್ತಿ ತುಂಬಿದ್ದರೂ ಆರು ಗಂಟೆಗೆ ಖಾಲಿ. ಸಂಜೆ ಚೆನ್ನಾಗಿ ಓಡುತ್ತಿದ್ದ ಸರ್ವರ್ ನಡುರಾತ್ರಿ ಕುಂಟುವುದಕ್ಕೆ ಇಂಥ ಲೆಕ್ಕ ಕಾರಣವಾಗಿರಬಹುದು. ಟಿ3ಯಲ್ಲಿ ಹೇಳದೆಯೇ ‘ಅನ್‌ಲಿಮಿಟೆಡ್’ ಆಯ್ಕೆ ಚಾಲೂ ಇರುತ್ತದೆ. ಆಗ ಕುಂಟುವುದಿಲ್ಲ, ಬದಲಿಗೆ ತಿಂಗಳ ಕೊನೆಗೆ ಬಿಲ್ಲು ಉದ್ದವಾಗುತ್ತದೆ. ದಿನವಿಡೀ ಓಡುವ ಆಟದ ಸರ್ವರ್‌ಗೆ ಈ ಮಾದರಿ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಎರಡು ಗಂಟೆ ಆಡುವವರಿಗೆ ಸರಿಯೇ.

ಕಳ್ಳ ಆಟದೊಳಗೇ ಇದ್ದರೆ ‘ಸ್ಪಾರ್ಕ್’ ಎಂಬ ಪ್ರೊಫೈಲರ್, ಅಂದರೆ ಯಾವ ಕೆಲಸಕ್ಕೆ ಎಷ್ಟು ಸಮಯ ಹೋಯಿತು ಎಂದು ಅಳೆಯುವ ಸಾಧನ, ಹಿಡಿದುಕೊಡುತ್ತದೆ. ಪೇಪರ್‌ನ 1.21ರಿಂದ ಇದು ಜೊತೆಗೇ ಬರುತ್ತದೆ. ಉಳಿದೆಡೆ ಪ್ಲಗಿನ್ ಅಥವಾ ಮಾಡ್ (ಆಟಕ್ಕೆ ಹೊರಗಿನಿಂದ ಜೋಡಿಸುವ ತುಣುಕು) ಆಗಿ ಸೇರಿಸಬಹುದು. ಜನ ಆಡುತ್ತಿರುವಾಗಲೇ ಹತ್ತು ನಿಮಿಷ ಓಡಿಸಿ, ಖಾಲಿ ಸರ್ವರ್‌ನಲ್ಲಿ ಓಡಿಸಿದರೆ ಏನೂ ಸಿಗದು. ಇದರಲ್ಲಿ ನನಗೆ ಹೆಚ್ಚು ಇಷ್ಟವಾದ ಆಯ್ಕೆ, ಇಂತಿಷ್ಟು ಮಿಲಿಸೆಕೆಂಡ್ ಮೀರಿದ ಟಿಕ್‌ಗಳನ್ನು ಮಾತ್ರ ದಾಖಲಿಸು ಎಂದು ಹೇಳುವುದು. 100 ಎಂದು ಕೊಟ್ಟರೆ, ಚೆನ್ನಾಗಿ ಓಡಿದ ಸಾವಿರಾರು ಟಿಕ್‌ಗಳನ್ನು ಬಿಟ್ಟು ಕೆಟ್ಟ ಟಿಕ್‌ಗಳ ಒಳಗೆ ಏನು ನಡೆಯಿತು ಎಂಬುದನ್ನಷ್ಟೇ ಮುಂದಿಡುತ್ತದೆ. ಶೇಕಡಾವಾರು ಮರದಂತೆ ಕವಲೊಡೆದ ಆ ವರದಿಯಲ್ಲಿ ಕೆಳಗಿಳಿಯುತ್ತಾ ಹೋದರೆ, ಆಟದೊಳಗಿನ ಹಳ್ಳಿಗರ ದಾರಿ ಹುಡುಕಾಟವೋ, ವಸ್ತುಗಳನ್ನು ಹೀರಿ ಸಾಗಿಸುವ ಹಾಪರ್‌ಗಳೋ, ನಾಲ್ಕು ಆವೃತ್ತಿ ಹಳೆಯದಾದ ಯಾವುದೋ ಪ್ಲಗಿನ್ನೋ ತಾನಾಗಿಯೇ ಎದ್ದು ಕಾಣುತ್ತದೆ.

ನಾಲ್ಕನೆಯ ಹೆಜ್ಜೆ: ಕೆಲಸವನ್ನೇ ಕಡಿಮೆ ಮಾಡಿ

ನಿಮ್ಮ ಶ್ರಮದ ಬಹುಪಾಲು ಇಲ್ಲಿ ಹೋಗಲಿ, ಏಕೆಂದರೆ ಇಲ್ಲಿ ಸಿಗುವಷ್ಟು ಲಾಭ ಬೇರೆಲ್ಲೂ ಸಿಗದು.

ಮೈನ್‌ಕ್ರಾಫ್ಟ್‌ನ ಸೆಟ್ಟಿಂಗ್ ಕಡತದಲ್ಲಿ ‘ವ್ಯೂ ಡಿಸ್ಟೆನ್ಸ್’, ‘ಸಿಮ್ಯುಲೇಷನ್ ಡಿಸ್ಟೆನ್ಸ್’ ಎಂಬ ಎರಡು ಸಾಲುಗಳಿವೆ. ಎರಡೂ ಮೊದಲಿಗೆ 10 ಇರುತ್ತವೆ. ಮೊದಲನೆಯದು ಆಟಗಾರನಿಗೆ ಎಷ್ಟು ದೂರ ಕಾಣಬೇಕು ಎಂಬುದು. ಎರಡನೆಯದು ಅವನ ಸುತ್ತ ಎಷ್ಟು ದೂರದವರೆಗೆ ಲೋಕ ಜೀವಂತವಾಗಿರಬೇಕು ಎಂಬುದು. ಲೋಕವನ್ನು 16 ಬ್ಲಾಕ್‌ಗೆ 16 ಬ್ಲಾಕ್‌ನ ಚಂಕ್‌ಗಳಾಗಿ ಕತ್ತರಿಸಿರುತ್ತಾರೆ. ದೂರ 10 ಎಂದರೆ ಆಟಗಾರನ ಎರಡೂ ಬದಿಗೆ ಹತ್ತು, ನಡುವೆ ಒಂದು: 21ರ ವರ್ಗ, 441 ಚಂಕ್. ದೂರವನ್ನು 5ಕ್ಕೆ ಇಳಿಸಿದರೆ 11ರ ವರ್ಗ, 121. ಸಂಖ್ಯೆ ಅರ್ಧವಾಯಿತು, ಕೆಲಸ ಕಾಲು ಭಾಗಕ್ಕೂ ಹತ್ತಿರ ಬಂತು. ಐದು ಮಂದಿ ಐದು ದಿಕ್ಕಿಗೆ ಚದುರಿದ್ದರೆ 2205 ಚಂಕ್ ನಡೆಸಬೇಕಾದ ಕಡೆ 605 ಸಾಕು. ಬೇರೆ ಯಾವ ಉಪಾಯವೂ ಎರಡು ಅಕ್ಷರ ತಿದ್ದಿ ಇಷ್ಟು ಕೊಡುವುದಿಲ್ಲ.

ನಾನು ಸಿಮ್ಯುಲೇಷನ್ ದೂರವನ್ನು 5 ಅಥವಾ 6ಕ್ಕೆ ಇಟ್ಟು, ನೋಟದ ದೂರವನ್ನು 8ರಿಂದ 10ರವರೆಗೆ ಬಿಡುತ್ತೇನೆ. ನೋಟ ಮೊಟಕಾದರೆ ಆಟಗಾರರಿಗೆ ತಕ್ಷಣ ಗೊತ್ತಾಗಿ ಗೊಣಗುತ್ತಾರೆ. ದೂರದ ಹೊಲದಲ್ಲಿ ಕಬ್ಬು ಬೆಳೆಯುವುದು ನಿಂತದ್ದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ ದೊಡ್ಡ ಸ್ವಯಂಚಾಲಿತ ತೋಟ ಕಟ್ಟಿಕೊಂಡವರು ಗುಂಪಿನಲ್ಲಿದ್ದರೆ ಮೊದಲೇ ತಿಳಿಸಿಬಿಡಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ.

ಹೊಸ ಚಂಕ್ ಹುಟ್ಟಿಸುವುದು ಬಹಳ ಭಾರದ ಕೆಲಸ. ಇಬ್ಬರು ರೆಕ್ಕೆ ಕಟ್ಟಿಕೊಂಡು ವಿರುದ್ಧ ದಿಕ್ಕಿಗೆ ಹಾರಿದರೆ ಹಳೆಯ ಮಷಿನ್ ಏದುಸಿರು ಬಿಡುತ್ತದೆ. ಇದಕ್ಕೆ ‘ಚಂಕಿ’ ಎಂಬ ಸಾಧನದಿಂದ ಲೋಕವನ್ನು ಮೊದಲೇ ಹುಟ್ಟಿಸಿಟ್ಟು, ಅದರಾಚೆ ಹೋಗದಂತೆ ಗಡಿ ಹಾಕಿಬಿಡಬೇಕು. ಕೇಂದ್ರದಿಂದ ನಾಲ್ಕೂ ಬದಿಗೆ 3000 ಬ್ಲಾಕ್ ಎಂದರೆ ಸುಮಾರು 1,40,000 ಚಂಕ್. ಯಾರೂ ಆಡದ ವಾರದ ದಿನದ ರಾತ್ರಿ ಹಚ್ಚಿ ಮಲಗಿ. ಡಿಸ್ಕ್‌ನಲ್ಲಿ ಜಾಗವಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಉಳಿದದ್ದು ಮನೆಗೆಲಸ. ಒಂದೇ ಗುಂಡಿಯಲ್ಲಿ ನೂರಾರು ಕೋಳಿ ಸಾಕಿದವನಿಗೆ ತಿಳಿಹೇಳಿ. ಹಳ್ಳಿಗರು ಆಕಳಿಗಿಂತ ಬಹಳ ದುಬಾರಿ ಜೀವಿಗಳು. ದಾರಿ ಹುಡುಕುವುದು, ಹಾಸಿಗೆ ಹುಡುಕುವುದು, ಕೆಲಸ ಹುಡುಕುವುದು ಅವರ ದಿನಚರಿ. ಹಾಪರ್‌ಗಳ ಸಾಲು ಇರುವಲ್ಲಿ, ಬಾಯಿ ತೆರೆದ ಹಾಪರ್‌ನ ಮೇಲೆ ಒಂದು ಕಾಂಪೋಸ್ಟರ್ (ಆಟದ ಗೊಬ್ಬರದ ಡಬ್ಬ) ಇಡಲು ಹೇಳಿ. ಮೇಲೆ ಬಿದ್ದ ವಸ್ತುಗಳನ್ನು ಪದೇ ಪದೇ ಹುಡುಕುವ ಕೆಲಸ ಅದಕ್ಕೆ ತಪ್ಪುತ್ತದೆ. ಬಳಸದ ಪ್ಲಗಿನ್ ತೆಗೆದುಹಾಕಿ. ಎಲ್ಲರೂ ಹೊರಟುಹೋದ ಮೇಲೆ ಲೋಕ ತಾನಾಗಿ ನಿಲ್ಲುವ ಸೌಕರ್ಯ 1.21.2ರಿಂದ ಇದೆ, 60 ಸೆಕೆಂಡಿನ ನಂತರ ಎಂಬುದು ಅದರ ಮೂಲ ಸೆಟ್ಟಿಂಗ್; ವಿದ್ಯುತ್ ಬಿಲ್ಲಿಗೂ ಒಳ್ಳೆಯದು.

ಹಳೆಯ ಕೌಂಟರ್ ಸ್ಟ್ರೈಕ್ 1.6 ನಡೆಸುವವರು ಇನ್ನೂ ಇದ್ದಾರೆ. ಸೈಬರ್ ಕೆಫೆಯ ಕಾಲದಲ್ಲಿ ಆಡಿ ಬೆಳೆದವರಿಗೆ ಅದರ ಮೋಹ ಬಿಡದು. ಅದರಲ್ಲಿ ‘ಸಿಸ್ ಟಿಕ್‌ರೇಟ್’ ಮೂಲತಃ 100 ಇರುತ್ತದೆ, ಜನ ಅದನ್ನು 1000ಕ್ಕೆ ಏರಿಸಿ ಹೆಮ್ಮೆಪಡುತ್ತಾರೆ. ಸೆಕೆಂಡಿಗೆ ಸಾವಿರ ಸಲ ಸಿಪಿಯು ಎಬ್ಬಿಸುವ ಈ ಚಟಕ್ಕೆ ಆಟಗಾರನ ಕಡೆಯಿಂದ ಸಿಗುವ ಫಲ ತೀರಾ ಕಡಿಮೆ. ಅದನ್ನು ಇಳಿಸಿ. ಕಂಪ್ಯೂಟರೇ ಆಡಿಸುವ ಆಟಗಾರರಾದ ಬಾಟ್‌ಗಳನ್ನೂ ಕಡಿಮೆ ಮಾಡಿ, ಒಂದೊಂದು ಬಾಟ್‌ನ ಬುದ್ಧಿಯೂ ನಿಮ್ಮ ಸಿಪಿಯುವಿನಿಂದಲೇ ಬರಬೇಕು.

ಐದನೆಯ ಹೆಜ್ಜೆ: ಬಿಸಿ, ಧೂಳು, ಗಡಿಯಾರದ ವೇಗ

ಏಪ್ರಿಲ್‌ನಲ್ಲಿ ಪುಣೆಯ ಮಧ್ಯಾಹ್ನ ನಲವತ್ತರ ಹತ್ತಿರ ಹೋಗುತ್ತದೆ. ಪಕ್ಕದಲ್ಲೊಂದು ಕಟ್ಟಡ ಸದಾ ಏಳುತ್ತಿರುತ್ತದೆ, ಆ ಸಿಮೆಂಟ್ ಧೂಳು ಕ್ಯಾಬಿನೆಟ್‌ನೊಳಗೆ ಫ್ಯಾನಿನ ರೆಕ್ಕೆಗಳಿಗೆ ಬೂದು ಕಂಬಳಿಯಂತೆ ಅಂಟಿಕೊಳ್ಳುತ್ತದೆ. ಸಿಪಿಯು ಮಿತಿ ಮೀರಿ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನು ದುಡಿಯುವ ತಾಳದ, ಅಂದರೆ ಒಳಗಿನ ಗಡಿಯಾರದ, ವೇಗ ಇಳಿಸುತ್ತದೆ. 3.6 ಗಿಗಾಹರ್ಟ್ಸ್‌ನಲ್ಲಿ 40 ಮಿಲಿಸೆಕೆಂಡಿಗೆ ಮುಗಿಯುತ್ತಿದ್ದ ಟಿಕ್, ವೇಗ 2.4ಕ್ಕೆ ಬಿದ್ದರೆ 60 ತೆಗೆದುಕೊಳ್ಳುತ್ತದೆ. ಬಳಕೆಯ ಶೇಕಡಾ ನೋಡಿದರೆ ಈ ಕಾರಣ ತಿಳಿಯುವುದೇ ಇಲ್ಲ, ಮುಖ್ಯ ಥ್ರೆಡ್ ಶೇಕಡಾ 80ರಿಂದ 100ಕ್ಕೆ ಏರಿದ್ದಷ್ಟೇ ಕಾಣುತ್ತದೆ.

ಲಿನಕ್ಸ್‌ನಲ್ಲಿ ‘ಸೆನ್ಸರ್ಸ್’ ಆಜ್ಞೆ ಉಷ್ಣತೆ ತೋರಿಸುತ್ತದೆ. ಆಟ ಜೋರಾಗಿರುವಾಗ ಅದನ್ನೂ ಗಡಿಯಾರದ ವೇಗವನ್ನೂ ಒಟ್ಟಿಗೆ ನೋಡಿ. ಬಿಸಿ ಏರಿದಂತೆ ವೇಗ ಇಳಿಯುತ್ತಿದ್ದರೆ ಮಷಿನ್ ಬಂದ್ ಮಾಡಿ, ಧೂಳು ತೆಗೆದು, ಸಿಪಿಯು ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಬುಧವಾರ ಪೇಠೆಯ ತಾಪ್‌ಕೀರ್ ಗಲ್ಲಿಯತ್ತ ಹೋದರೆ ಇಂಥ ಸಾಮಾನಿಗೆ ಕೊರತೆಯಿಲ್ಲ, ಗಾಡಿ ನಿಲ್ಲಿಸಲು ಜಾಗಕ್ಕೆ ಮಾತ್ರ ಕೊರತೆ. ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿಕೊಂಡವರು ಅದನ್ನು ಹಾಸಿಗೆಯ ಮೇಲಿಂದ ಎತ್ತಿ ಮೇಜಿನ ಮೇಲಿಡಿ, ಮೊದಲು.

ವಿದ್ಯುತ್ ಉಳಿತಾಯದ ಸೆಟ್ಟಿಂಗ್‌ನ್ನೂ ನೋಡಿ. ವಿಂಡೋಸ್‌ನಲ್ಲಿ ಪವರ್ ಸೇವರ್ ಬೇಡ. ಲಿನಕ್ಸ್‌ನಲ್ಲಿ ‘ಪರ್ಫಾರ್ಮೆನ್ಸ್’ ಆರಿಸಬಹುದು. ಇಂಟೆಲ್‌ನ ಹೊಸ ಡ್ರೈವರ್ ತಂತ್ರಾಂಶದಲ್ಲಿ ‘ಪವರ್‌ಸೇವ್’ ಎಂದು ಬರೆದಿದ್ದರೂ ಅಗತ್ಯ ಬಿದ್ದಾಗ ವೇಗ ಏರುತ್ತದೆ, ಹೆಸರು ನೋಡಿ ಗಾಬರಿಯಾಗಬೇಡಿ.

ಆರನೆಯ ಹೆಜ್ಜೆ: ಬೇರೆಯವರನ್ನು ದೂರವಿಡಿ

ಅದೇ ಮಷಿನ್‌ನಲ್ಲಿ ಬ್ಯಾಕಪ್, ಸಿನಿಮಾ ಸರ್ವರ್, ಡೌನ್‌ಲೋಡ್ ಎಲ್ಲ ಸಾಗುತ್ತಿದ್ದರೆ ಆಟಕ್ಕೆ ಮೊದಲ ಮಣೆ ಹಾಕಬೇಕು. ಲಿನಕ್ಸ್‌ನಲ್ಲಿ ಸರ್ವರನ್ನು, ಹಿನ್ನೆಲೆಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಸೇವೆಯಾಗಿ ನಡೆಸಿ, ‘ಸಿಪಿಯು ವೇಯ್ಟ್’ ಏರಿಸಿ. ಇದರ ಮೂಲ ಮೌಲ್ಯ 100, ಹರವು 1ರಿಂದ 10000. ಆಟಕ್ಕೆ 500 ಕೊಟ್ಟು ಬ್ಯಾಕಪ್‌ಗೆ 20 ಕೊಟ್ಟರೆ, ಇಬ್ಬರೂ ಒಟ್ಟಿಗೆ ಸಿಪಿಯು ಕೇಳಿದಾಗ ಮಾತ್ರ ಈ ತೂಕ ಲೆಕ್ಕಕ್ಕೆ ಬರುತ್ತದೆ. ಆಟ ಸುಮ್ಮನಿದ್ದಾಗ ಬ್ಯಾಕಪ್‌ಗೆ ಪೂರ್ತಿ ಸಿಪಿಯು ಸಿಗುತ್ತದೆ. ಯಾರ ಪಾಲೂ ವ್ಯರ್ಥವಾಗದ ಈ ಪದ್ಧತಿ ನನಗೆ ಮೆಚ್ಚು. ಪ್ರೋಗ್ರಾಂನ ಆದ್ಯತೆ ಹೇಳುವ ‘ನೈಸ್’ ಮೌಲ್ಯ ತಿದ್ದುವುದು ಹಳೆಯ ದಾರಿ. ಒಂದೇ ಸೇವೆಯ ಒಳಗಿನ ಕೆಲಸಗಳಿಗೆ ಅದು ಸರಿ, ಸೇವೆ ಸೇವೆಗಳ ನಡುವೆ ತೂಕದ ಮಾತೇ ನಡೆಯುತ್ತದೆ.

ಪುಣೆಯವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ಗುರುವಾರ ರಿಪೇರಿ ಕೆಲಸಕ್ಕೆಂದು ಮಹಾವಿತರಣದವರು ಕರೆಂಟ್ ತೆಗೆಯುವುದು ನಮಗೆಲ್ಲ ರೂಢಿ. ಬ್ಯಾಕಪ್ ಟೈಮರ್‌ನಲ್ಲಿ ‘ಪರ್ಸಿಸ್ಟೆಂಟ್’ ಹಾಕಿದ್ದರೆ, ಕರೆಂಟ್ ಇಲ್ಲದೆ ತಪ್ಪಿಹೋದ ಕೆಲಸ ಮಷಿನ್ ಎದ್ದ ಕೂಡಲೇ ಶುರುವಾಗುತ್ತದೆ. ಅದೇ ಹೊತ್ತಿಗೆ ಆಟದ ಸರ್ವರ್ ಕೂಡ ಲೋಕವನ್ನು ಡಿಸ್ಕ್‌ನಿಂದ ಎತ್ತುತ್ತಿರುತ್ತದೆ. ಎರಡೂ ಒಂದರ ಮೇಲೊಂದು ಬಿದ್ದು ಅರ್ಧ ಗಂಟೆ ಯಾರಿಗೂ ನೆಮ್ಮದಿಯಿಲ್ಲ. ಟೈಮರ್‌ಗೆ ಯಾದೃಚ್ಛಿಕ ವಿಳಂಬ ಕೊಡಿ, ಅಥವಾ ಆ ಸಾಲನ್ನೇ ತೆಗೆಯಿರಿ.

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್‌ನ ‘ಡೀಟೇಲ್ಸ್’ ಪುಟದಲ್ಲಿ ಆದ್ಯತೆಯನ್ನು ‘ಹೈ’ವರೆಗೆ ಏರಿಸಬಹುದು. ‘ರಿಯಲ್‌ಟೈಮ್’ ಬೇಡವೇ ಬೇಡ, ಮೌಸ್ ಕೂಡ ನಿಲ್ಲಬಹುದು. ಆಂಟಿವೈರಸ್‌ಗೆ ಲೋಕದ ಫೋಲ್ಡರ್ ತಡಕದಂತೆ ಹೇಳಿ. ಪ್ರತಿ ಸಲ ಉಳಿಸಿದಾಗಲೂ ಅದು ಬಂದು ಮೂಸಿ ನೋಡುತ್ತಿರುತ್ತದೆ.

ಸರ್ವರನ್ನು ನಿರ್ದಿಷ್ಟ ಕೋರ್‌ಗಳಿಗೆ ಕಟ್ಟಿಹಾಕುವ ‘ಟಾಸ್ಕ್‌ಸೆಟ್’ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಜಾವಾ ಸರ್ವರನ್ನು ಒಂದೇ ಕೋರ್‌ಗೆ ಕಟ್ಟಿದರೆ ಕಸ ಗುಡಿಸುವ ಥ್ರೆಡ್‌ಗಳು, ಚಂಕ್ ಥ್ರೆಡ್‌ಗಳು ಎಲ್ಲ ಮುಖ್ಯ ಥ್ರೆಡ್‌ನ ತಟ್ಟೆಗೇ ಕೈ ಹಾಕುತ್ತವೆ. ಎರಡು ಬಗೆಯ ಕೋರ್‌ಗಳಿರುವ, 12ನೆಯ ತಲೆಮಾರಿನಿಂದೀಚಿನ ಕೆಲವು ಇಂಟೆಲ್ ಸಿಪಿಯುಗಳಲ್ಲಿ ಮಾತ್ರ ಸರ್ವರನ್ನು ವೇಗದ ಕೋರ್‌ಗಳ ಗುಂಪಿಗೆ ಮೀಸಲಿಡುವುದಕ್ಕೆ ಅರ್ಥವಿದೆ. ಉಳಿದಂತೆ ವ್ಯವಸ್ಥೆಯನ್ನು ಅದರ ಪಾಡಿಗೆ ಬಿಡಿ.

ಏಳನೆಯ ಹೆಜ್ಜೆ: ಮಿತಿ ಹಾಕಲೇಬೇಕಾದರೆ

ಒಂದು ಮಷಿನ್‌ನಲ್ಲಿ ಮೂರು ಸರ್ವರ್ ನಡೆಸುವವರಿಗೆ ಒಂದೊಂದಕ್ಕೂ ಗರಿಷ್ಠ ಮಿತಿ ಹಾಕುವ ಆಸೆ ಹುಟ್ಟುತ್ತದೆ. ಸಿಸ್ಟಮ್‌ಡಿಯ ‘ಸಿಪಿಯು ಕೋಟಾ’, ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ನಡೆಸುವ ಡಾಕರ್‌ನ ‘ಸಿಪಿಯುಸ್’ ಎರಡೂ ಮಾಡುವುದು ಅದನ್ನೇ. ಆದರೆ ಅವು ಒಳಗೆ ಹೇಗೆ ನಡೆಯುತ್ತವೆ ಎಂದು ತಿಳಿಯದೆ ಹಾಕಿದರೆ ಲ್ಯಾಗ್‌ನ್ನು ನೀವೇ ಕರೆದು ಕೂರಿಸಿದಂತೆ.

ಮಿತಿಯ ಲೆಕ್ಕ ಮೂಲತಃ 100 ಮಿಲಿಸೆಕೆಂಡಿನ ಅವಧಿಯಲ್ಲಿ ನಡೆಯುತ್ತದೆ. ಕೋಟಾ ಶೇಕಡಾ 100 ಎಂದರೆ ಪ್ರತಿ 100 ಮಿಲಿಸೆಕೆಂಡಿಗೆ 100 ಮಿಲಿಸೆಕೆಂಡಿನ ಸಿಪಿಯು ಸಮಯ. ಒಂದು ಪೂರ್ತಿ ಕೋರ್, ಆಟಕ್ಕೆ ಧಾರಾಳವಾಯಿತು ಎನಿಸುತ್ತದೆ. ಅಷ್ಟರಲ್ಲಿ ಜಾವಾಕ್ಕೆ ಕಸ ಗುಡಿಸುವ ಹೊತ್ತು ಬಂತು. ನಾಲ್ಕು ಥ್ರೆಡ್‌ಗಳು ನಾಲ್ಕು ಕೋರ್‌ಗಳಲ್ಲಿ ಒಟ್ಟಿಗೆ ಎದ್ದವು. ನಾಲ್ಕೂ ಸೇರಿ 25 ಮಿಲಿಸೆಕೆಂಡಿನಲ್ಲೇ ಆ ನೂರನ್ನು ಮುಗಿಸಿದವು. ಉಳಿದ 75 ಮಿಲಿಸೆಕೆಂಡ್ ಇಡೀ ಸರ್ವರ್, ಮುಖ್ಯ ಥ್ರೆಡ್ ಸಹಿತ, ಕೈಕಟ್ಟಿ ನಿಲ್ಲಬೇಕು. ಟಿಕ್‌ನ ಗಡುವು 50. ಒಂದು ಟಿಕ್ ಪೂರ್ತಿ ಹೋಯಿತು, ಇನ್ನೊಂದು ಅರ್ಧ ಹೋಯಿತು. ಅದೇ ಹೊತ್ತಿಗೆ ಮೇಲ್ವಿಚಾರಣೆಯ ಗ್ರಾಫ್‌ನಲ್ಲಿ ಸಿಪಿಯು ಬಳಕೆ ಸರಾಸರಿ ಶೇಕಡಾ 60 ಎಂದು ಹಾಯಾಗಿ ತೋರುತ್ತಿರುತ್ತದೆ.

ಇದು ನಿಮ್ಮಲ್ಲಿ ಆಗುತ್ತಿದೆಯೇ ಎಂದು ತಿಳಿಯಲು ಆ ಸೇವೆಯ ಸಿಗ್ರೂಪ್ (ಲಿನಕ್ಸ್ ಸಂಪನ್ಮೂಲ ಹಂಚುವ ಗುಂಪು) ಫೋಲ್ಡರ್‌ನಲ್ಲಿ ‘ಸಿಪಿಯು ಸ್ಟ್ಯಾಟ್’ ಕಡತ ತೆರೆದು ‘ಥ್ರಾಟಲ್ಡ್’ ಎಂಬ ಸಂಖ್ಯೆಗಳನ್ನು ನೋಡಿ. ಆಟ ನಡೆಯುವಾಗ ಅವು ಏರುತ್ತಿದ್ದರೆ ಕೋಟಾ ತೆಗೆಯಿರಿ, ಬದಲಿಗೆ ವೇಯ್ಟ್ ಬಳಸಿ. ಡಾಕರ್‌ನಲ್ಲಿ ಅದಕ್ಕೆ ‘ಸಿಪಿಯು ಶೇರ್ಸ್’ ಎನ್ನುತ್ತಾರೆ. ಮಿತಿ ಹಾಕಲೇಬೇಕಾದ ಬಾಡಿಗೆ ವ್ಯವಹಾರವಿದ್ದರೆ ಎರಡು ಕೋರ್‌ಗಿಂತ ಕಡಿಮೆ ಕೊಡಬೇಡಿ. ಜಾವಾಗೆ ಇಷ್ಟೇ ಕೋರ್ ಇವೆ ಎಂದು ‘ಆ್ಯಕ್ಟಿವ್ ಪ್ರೊಸೆಸರ್ ಕೌಂಟ್’ ಆಯ್ಕೆಯಲ್ಲಿ ಹೇಳಿಬಿಡಿ, ಆಗ ಅದು ಅಷ್ಟಕ್ಕೆ ತಕ್ಕಷ್ಟೇ ಥ್ರೆಡ್ ಎಬ್ಬಿಸುತ್ತದೆ.

ಮೆಮೊರಿಯ ಬಗ್ಗೆ ಒಂದೆರಡು ಮಾತು, ಏಕೆಂದರೆ ಅದೂ ಸಿಪಿಯು ತಿನ್ನುತ್ತದೆ. ತೀರಾ ಕಡಿಮೆ ಕೊಟ್ಟರೆ ಜಾವಾ ಎಡೆಬಿಡದೆ ಕಸ ಗುಡಿಸುತ್ತದೆ. ಮಷಿನ್‌ನಲ್ಲಿರುವುದನ್ನೆಲ್ಲ ಕೊಟ್ಟರೆ ವ್ಯವಸ್ಥೆಗೆ ಉಸಿರಾಡಲು ಜಾಗವಿಲ್ಲದೆ ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಸಾಗಿಸುವ ಸ್ವಾಪ್ ಶುರುವಾಗುತ್ತದೆ. ಕನಿಷ್ಠ, ಗರಿಷ್ಠ ಮೆಮೊರಿ ಎರಡನ್ನೂ ಒಂದೇ ಪ್ರಮಾಣಕ್ಕೆ ಇಡಿ, ಸ್ಪಾರ್ಕ್‌ನಲ್ಲಿ ಕಸ ಗುಡಿಸುವ ವಿರಾಮಗಳನ್ನು ನೋಡಿ ತಿದ್ದಿ.

ಎಂಟನೆಯ ಹೆಜ್ಜೆ: ಮಷಿನ್ ಬದಲಿಸುವ ಮುನ್ನ

ಮೇಲಿನ ಪ್ರತಿ ಬದಲಾವಣೆಯನ್ನೂ ಒಂದೊಂದಾಗಿ ಮಾಡಿ, ಮೊದಲಿನ ಮತ್ತು ನಂತರದ ಟಿಕ್ ಸಮಯ ಬರೆದಿಡಿ. ಎರಡೂ ಸಲ ಹೆಚ್ಚುಕಡಿಮೆ ಅಷ್ಟೇ ಜನ ಆಡುತ್ತಿರಬೇಕು, ಇಲ್ಲದಿದ್ದರೆ ಹೋಲಿಕೆಗೆ ಬೆಲೆಯಿಲ್ಲ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದವರಿಗೆ ಯಾವುದರಿಂದ ಗುಣವಾಯಿತು ಎಂದು ಯಾವತ್ತೂ ಗೊತ್ತಾಗುವುದಿಲ್ಲ.

ಇಷ್ಟಾದ ಮೇಲೂ ಟಿಕ್ 50 ಮೀರುತ್ತಿದ್ದರೆ ಹೊಸ ಮಷಿನ್ ನೋಡಿ. ಕಂಪನಿಗಳು ಹೊರಹಾಕಿದ ಹಳೆಯ ಸರ್ವರ್ ಮಷಿನ್‌ಗಳು ಸೆಕೆಂಡ್‌ಹ್ಯಾಂಡ್ ಆಗಿ ಸೋವಿಗೆ ಸಿಗುತ್ತವೆ. ಹದಿನಾಲ್ಕು ಕೋರ್ ಎಂದು ಕೇಳಿದೊಡನೆ ಬಾಯಲ್ಲಿ ನೀರೂರುತ್ತದೆ. 2016ರ ಜಿಯಾನ್ ಇ5-2680 ವಿ4ರಲ್ಲಿ 14 ಕೋರ್ ಇವೆ ನಿಜ, ಆದರೆ ಅದರ ಗರಿಷ್ಠ ವೇಗ 3.3 ಗಿಗಾಹರ್ಟ್ಸ್. 2022ರ ಐ3-12100ರಲ್ಲಿ ಇರುವುದು ನಾಲ್ಕೇ ಕೋರ್, ವೇಗ 4.3ರವರೆಗೆ, ಅದರ ಮೇಲೆ ಗಡಿಯಾರದ ಪ್ರತಿ ಮಿಡಿತಕ್ಕೂ ಹೆಚ್ಚು ಕೆಲಸ ಮುಗಿಸುವ ಹೊಸ ವಿನ್ಯಾಸ. ಒಂದೇ ಲೋಕ ನಡೆಸುವುದಾದರೆ ಎರಡನೆಯದನ್ನೇ ಕೊಳ್ಳಿ. ಆರೇಳು ಸಣ್ಣ ಸರ್ವರ್‌ಗಳನ್ನು ಒಂದೇ ಕಡೆ ಕೂರಿಸುವವರಿಗೆ ಮೊದಲನೆಯದೂ ಆದೀತು, ಅದು ಎಳೆಯುವ ವಿದ್ಯುತ್ತಿನ ಲೆಕ್ಕ ಹಾಕಿ ನೋಡಿದ ಮೇಲೆ.